ಬೇಲೂರಿನಲ್ಲಿ ತುಂಬಿ ಬರುವ ಮನಸ್ಸು, ಗ್ಯಾಲರಿಯಲ್ಲಿ ಆಗುವ ಕಸಿವಿಸಿ

ಪ್ರಶ್ನೆ: ನಾನು ಹಾಸನದವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಬೇಲೂರು, ಹಳೇಬೀಡುಗಳಿಗೆ ಎಷ್ಟು ಸಲ ಹೋದರೂ ಮನಸ್ಸು ತುಂಬಿ ಬರುತ್ತದೆ. ಕಳೆದ ತಿಂಗಳು ಮಗಳ ಜೊತೆ ಬೆಂಗಳೂರಿನಲ್ಲಿ ಸಮಕಾಲೀನ ಕಲೆಯ ಪ್ರದರ್ಶನವೊಂದನ್ನು ನೋಡಲು ಹೋಗಿದ್ದೆ. ಗೋಡೆಗೆ ಇಳಿಬಿಟ್ಟ ಹಗ್ಗ, ನೆಲದ ಮೇಲೆ ಹರಡಿದ ತಗಡು, ಒಂದು ಖಾಲಿ ಕುರ್ಚಿ ಇವುಗಳ ಮುಂದೆ ನಿಂತಾಗ ಕಸಿವಿಸಿಯಾಯಿತೇ ಹೊರತು ಬೇರೇನೂ ಅನಿಸಲಿಲ್ಲ. ‘ಅಮ್ಮ, ಇದೂ ಕಲೆಯಾ?’ ಎಂದು ಮಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಹಳೆಯ ಶಿಲ್ಪ ಅರ್ಥವಾಗುವ ನನಗೆ ಹೊಸ ಕಲೆ ಏಕೆ ಅರ್ಥವಾಗುತ್ತಿಲ್ಲ? ಕೊರತೆ ನನ್ನಲ್ಲಿದೆಯೇ, ಆ ಕಲೆಯಲ್ಲಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತುಗಳಿವೆ. ಹೊಸ ಕಲೆ ಅರ್ಥವಾಗುವುದಿಲ್ಲ ಎಂಬುದು ಒಂದು. ಹಳೆಯ ಶಿಲ್ಪ ಅರ್ಥವಾಗುತ್ತದೆ ಎಂಬುದು ಇನ್ನೊಂದು. ಎಲ್ಲರೂ ಮೊದಲನೆಯ ಮಾತನ್ನು ಹಿಡಿದು ಉತ್ತರಿಸುತ್ತಾರೆ. ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಚಿತ್ರಕಲೆಯನ್ನೂ ಕಲೆಯ ಇತಿಹಾಸವನ್ನೂ ಪಾಠ ಹೇಳಿ, ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಬೆಳವಾಡಿಯ ಮೇಲೆ ಹಳೇಬೀಡಿಗೆ ಕರೆದುಕೊಂಡು ಹೋಗಿ ಬಂದಿರುವ ನನಗೆ ಎರಡನೆಯ ಮಾತನ್ನೇ ಮೊದಲು ಪರೀಕ್ಷಿಸಬೇಕು ಎನಿಸುತ್ತದೆ. ಹಳೆಯ ಶಿಲ್ಪ ನಮಗೆ ನಿಜವಾಗಿಯೂ ಅರ್ಥವಾಗಿದೆಯೇ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬವಿದೆ. ಊರಿನವರು ಅದನ್ನು ಗರುಡಗಂಬ ಎನ್ನುತ್ತಾರೆ. ನೀವು ಅದರ ಪಕ್ಕದಲ್ಲಿ ಹತ್ತಾರು ಸಲ ಹಾದುಹೋಗಿರುತ್ತೀರಿ, ಅದರ ಮುಂದೆ ಫೋಟೊ ತೆಗೆಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಮುಂದಿನ ಸಲ ಹತ್ತಿರ ಹೋಗಿ, ಕಂಬದ ಸುತ್ತ ಬಂದು, ಅಲ್ಲಿ ಕೆತ್ತಿರುವ ಆಳುಗಳ ಕೈಯಲ್ಲಿ ಏನಿದೆ, ಆ ಕೈ ಎಲ್ಲಿಗೆ ಹೋಗಿದೆ ಎಂಬುದನ್ನು ಮಾತ್ರ ನೋಡಿ. ಅವರ ಕೈಯಲ್ಲಿರುವುದು ಕತ್ತಿ. ಅದನ್ನು ಅವರು ಎತ್ತಿರುವುದು ಶತ್ರುವಿನ ಮೇಲಲ್ಲ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳನಿಗೆ ಕುವರ ಲಕ್ಷ್ಮನೆಂಬ ದಂಡನಾಯಕನಿದ್ದ. ದೊರೆ ಬದುಕಿರುವವರೆಗೆ ತಾನು, ದೊರೆ ಹೋದ ದಿನ ತಾನೂ ಇಲ್ಲ ಎಂದು ಭಾಷೆ ಕೊಟ್ಟವನು ಅವನು. ದೊರೆ ತೀರಿಕೊಂಡಾಗ ಅವನೂ ಅವನ ಹೆಂಡತಿಯೂ ಅವನ ಜೊತೆಗಾರರೂ ಹಾಗೆಯೇ ಪ್ರಾಣ ಬಿಟ್ಟರು. ಇಂಥವರನ್ನು ಹೊಯ್ಸಳರ ಕಾಲದಲ್ಲಿ ಗರುಡರು ಎಂದು ಕರೆಯುತ್ತಿದ್ದರು. ಆ ಸಂಗತಿಯನ್ನು ಹೇಳುವ ಹಳಗನ್ನಡದ ಶಾಸನವೂ ಆ ಕಂಬದ ಮೇಲೆಯೇ ಇದೆ.

ಒಂದು ವರ್ಷ ವಿದ್ಯಾರ್ಥಿಗಳಿಗೆ ಈ ವಿಷಯ ತಿಳಿಸದೆ, ಕಂಬದಲ್ಲಿ ಕಂಡದ್ದನ್ನು ಹಾಗೆಯೇ ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಹೇಳಿ ನಾನು ದೂರ ಕುಳಿತೆ. ಹುಡುಗಿಯೊಬ್ಬಳು ಅರ್ಧ ಗಂಟೆ ಬರೆದು, ಪುಸ್ತಕ ಮಡಚಿ, ಎದ್ದುಬಂದು ‘ಸರ್, ಈ ಮನುಷ್ಯ ಏನು ಮಾಡ್ತಿದಾನೆ?’ ಎಂದು ಕೇಳಿದಳು. ಅವಳ ದನಿ ತಗ್ಗಿತ್ತು. ಅದುವರೆಗೆ ನಾನು ಆ ಕಂಬವನ್ನು ‘ಸ್ವಾಮಿನಿಷ್ಠೆಯ ಸ್ಮಾರಕ’ ಎಂದು ಪಾಠದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆ ಒಂದು ಸಾಲು ಗೊತ್ತಿದ್ದುದರಿಂದಲೇ ನನ್ನ ಕಣ್ಣು ಕಂಬದ ಮೇಲೆ ನಿಂತಿರಲಿಲ್ಲ. ಏನೂ ಗೊತ್ತಿಲ್ಲದೆ, ಬರೆಯುವುದಕ್ಕಾಗಿ ಗೆರೆ ಗೆರೆಯನ್ನೂ ನೋಡಬೇಕಾಗಿ ಬಂದ ಅವಳಿಗೆ ಕಸಿವಿಸಿಯಾಯಿತು. ನೀವು ಗ್ಯಾಲರಿಯಲ್ಲಿ ಅನುಭವಿಸಿದ್ದೂ ಅದನ್ನೇ ಎಂದು ನನಗೆ ಅನ್ನಿಸುತ್ತದೆ. ಕಸಿವಿಸಿಯಾಯಿತು ಎಂದರೆ ನೋಡಲು ಆರಂಭಿಸಿದಿರಿ ಎಂದೇ ನಾನು ತಿಳಿಯುತ್ತೇನೆ.

ಬೇಲೂರಿನಲ್ಲಿ ಮನಸ್ಸು ತುಂಬಿ ಬರುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ನನಗೂ ತುಂಬಿ ಬರುತ್ತದೆ. ಆದರೆ ಆ ತುಂಬುವಿಕೆಯಲ್ಲಿ ಶಿಲ್ಪದ ಪಾಲು ಎಷ್ಟು, ನಾವು ಮನೆಯಿಂದ ಹೊತ್ತುಕೊಂಡು ಹೋದದ್ದು ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಹೋಗಿರುತ್ತೇವೆ. ವಿಷ್ಣುವರ್ಧನ, ಶಾಂತಲೆಯರ ಕಥೆ ಕೇಳಿರುತ್ತೇವೆ. ಗೈಡು ಟಾರ್ಚ್ ಹಿಡಿದು ನವರಂಗದ ಕಂಬದ ಮೇಲಿನ ಮದನಿಕೆಯ ಕೈಬಳೆ ಅಲುಗಾಡುತ್ತದೆ ಎಂದು ತೋರಿಸಿರುತ್ತಾನೆ. ಕ್ಯಾಲೆಂಡರಿನಲ್ಲಿ, ಸರ್ಕಾರದ ಜಾಹೀರಾತಿನಲ್ಲಿ, ಮದುವೆಮಂಟಪದ ಅಲಂಕಾರದಲ್ಲಿ ದರ್ಪಣಸುಂದರಿಯನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿರುತ್ತೇವೆ. ಇಷ್ಟೆಲ್ಲ ಆದ ಮೇಲೆ ಅವಳ ಮುಂದೆ ನಿಂತಾಗ ಆಗುವುದು ಬಹುಮಟ್ಟಿಗೆ ಗುರುತು ಹಿಡಿದ ಸಂತೋಷ. ಅದು ಒಳ್ಳೆಯ ಸಂತೋಷವೇ, ಆದರೆ ನೋಡುವುದು ಬೇರೆ, ಗುರುತು ಹಿಡಿಯುವುದು ಬೇರೆ.

ಇದಕ್ಕೆ ಇನ್ನೊಂದು ಎಳೆಯೂ ಸೇರುತ್ತದೆ. ನಿಮ್ಮ ಊರಿನ ಹಾಸನಾಂಬೆಯನ್ನೇ ನೆನೆಯಿರಿ. ಆಶ್ವಯುಜದಲ್ಲಿ ಬಾಗಿಲು ತೆರೆದರೆ ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತಾರೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ಸಿಗುವುದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಆ ಕ್ಷಣದಲ್ಲಿ ವಿಗ್ರಹದ ಆಕಾರ ಹೇಗಿತ್ತೆಂದು ಯಾರೂ ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ, ಏಕೆಂದರೆ ಅದು ದರ್ಶನ. ಅಲ್ಲಿ ನಾವು ದೇವರನ್ನು ನೋಡುವುದಕ್ಕಿಂತ ದೇವರ ಕಣ್ಣಿಗೆ ನಾವು ಬೀಳುವುದು ಮುಖ್ಯ. ನಮ್ಮ ಸೀಮೆಯ ಜನ ಕಲ್ಲಿನ ಮುಂದೆ ನಿಲ್ಲಲು ಕಲಿತದ್ದೇ ಈ ದರ್ಶನದಿಂದ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಆದ್ದರಿಂದ ಹೊರಗೋಡೆಯ ಮದನಿಕೆಯನ್ನು ನೋಡುವಾಗಲೂ ಗರ್ಭಗುಡಿಯಲ್ಲಿ ಕೈಮುಗಿದ ಮನಸ್ಸೇ ನಮ್ಮ ಜೊತೆ ಹೊರಗೆ ಬಂದಿರುತ್ತದೆ. ಗ್ಯಾಲರಿಯ ಬಿಳಿ ಗೋಡೆಯ ಮುಂದೆ ಆ ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಗಂಟೆಯಿಲ್ಲ, ತೀರ್ಥವಿಲ್ಲ, ಕಥೆಯಿಲ್ಲ. ಎದುರಿನ ವಸ್ತುವಿನ ಜೊತೆ ಒಬ್ಬರೇ ನಿಲ್ಲಬೇಕು.

ದೇವಾಲಯದ ಶಿಲ್ಪವನ್ನೇ ತಂದು ವಸ್ತುಸಂಗ್ರಹಾಲಯದಲ್ಲಿ ಇಟ್ಟಾಗಲೂ ಇದೇ ಒಂಟಿತನ ಹುಟ್ಟುತ್ತದೆ. ಹಳೇಬೀಡಿನ ದೇವಾಲಯದ ಪಕ್ಕದಲ್ಲಿಯೇ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯವಿದೆ. ದೇವಾಲಯದಲ್ಲಿ ಎರಡು ಗಂಟೆ ಕಳೆಯುವವರು ಅಲ್ಲಿ ಹತ್ತು ನಿಮಿಷ ನಿಂತರೆ ಹೆಚ್ಚು. ಅದೇ ಕಲ್ಲು, ಅದೇ ಕಾಲದ ಕೆಲಸ, ಆದರೂ ಗೋಡೆಯಿಂದ ಬಿಡಿಸಿ ಪೀಠದ ಮೇಲೆ ಇಟ್ಟೊಡನೆ ಜನಕ್ಕೆ ಅದು ‘ಅರ್ಥವಾಗುವುದಿಲ್ಲ’. ಹಲ್ಮಿಡಿಯಲ್ಲಿ ನನಗೆ ಇದರ ಇನ್ನೊಂದು ಮುಖ ಕಂಡಿತು. ಸುಮಾರು ಕ್ರಿ.ಶ. 450ರ ಆ ಹದಿನಾರು ಸಾಲುಗಳ ಮೂಲ ಶಾಸನ ಈಗ ಮೈಸೂರಿನಲ್ಲಿದೆ, ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಇರುವುದು ಫೈಬರ್‌ಗ್ಲಾಸಿನ ಪ್ರತಿಕೃತಿ. ಪ್ರತಿಕೃತಿಯೆಂದು ಗೊತ್ತಿದ್ದೂ ಅದರ ಮುಂದೆ ನಿಂತ ನನ್ನ ಮೈ ನವಿರೆದ್ದಿತು. ಮೈಸೂರಿನಲ್ಲಿ ಮೂಲವನ್ನು ನೋಡಿದಾಗ ನಾನು ಅಕ್ಷರಗಳ ತಿರುವು, ಕಲ್ಲಿನ ಸವೆತ ಇಂಥವನ್ನು ಗಮನಿಸಿದೆ. ಊರಿನಲ್ಲಿ ಭಾವ ಸಿಕ್ಕಿತು, ಮೈಸೂರಿನಲ್ಲಿ ನೋಟ ಸಿಕ್ಕಿತು. ಎರಡೂ ಬೇಕು. ಒಂದಿದ್ದರೆ ಇನ್ನೊಂದೂ ಇದ್ದೇ ಇರುತ್ತದೆ ಎಂದುಕೊಳ್ಳಬಾರದು, ಅಷ್ಟೆ.

ಈಗ ಬೇಲೂರನ್ನು ಇನ್ನೊಂದು ಕಡೆಯಿಂದ ನೋಡೋಣ. 1117ರಲ್ಲಿ ಆ ದೇವಾಲಯ ಎದ್ದಾಗ ಅದು ಹಳೆಯದಾಗಿರಲಿಲ್ಲ. ಆ ಕಾಲದ ಮಟ್ಟಿಗೆ ಅದೂ ಸಮಕಾಲೀನ ಕಲೆಯೇ. ಹಾಸನದ ಸೀಮೆಯಲ್ಲಿ ಅದಕ್ಕೆ ಸುಮಾರು 135 ವರ್ಷ ಮೊದಲೇ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನನ್ನು ಕಡೆದಿದ್ದರು. ಬೇಲೂರಿನ ಮೆತ್ತನೆಯ ಬಳಪದ ಕಲ್ಲಲ್ಲ, ಬೂದುಬಣ್ಣದ ಗಟ್ಟಿ ಕಣಶಿಲೆ, ಅಂದರೆ ಗ್ರಾನೈಟ್. ಎಲ್ಲಿಯೂ ಒಂದು ಒಡವೆಯಿಲ್ಲ. ಬೆಟ್ಟವೇ ಮನುಷ್ಯನಾಗಿ ನಿಂತಂಥ ನುಣುಪು ಮೈ. ಕಾಲ ಬಳಿ ಹುತ್ತ, ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ ಬಿಟ್ಟರೆ ಕಣ್ಣಿಗೆ ತೊಡಕೇ ಇಲ್ಲ. ಆ ಮೂರ್ತಿಯನ್ನು ನೋಡಿ ಬೆಳೆದ ಒಬ್ಬ ಬೇಸಾಯಗಾರ ಬೇಲೂರಿಗೆ ಬಂದು, ಗೋಡೆಯಲ್ಲಿ ಗೇಣು ಜಾಗವನ್ನೂ ಬಿಡದೆ ಆನೆ, ಬಳ್ಳಿ, ನರ್ತಕಿ, ಬೇಟೆಗಾತಿ ಎಂದು ತುಂಬಿಸಿರುವ ಕೆತ್ತನೆಯನ್ನು ಕಂಡಾಗ ಏನು ಅಂದುಕೊಂಡಿರಬಹುದು? ‘ಇದೇನು ಇಷ್ಟೊಂದು!’ ಎಂದು ಒಬ್ಬನಾದರೂ ಹುಬ್ಬುಗಂಟಿಕ್ಕಿರಬೇಕು ಎಂದು ನಾನು ಊಹಿಸುತ್ತೇನೆ.

ಆ ಹೊಸತನಕ್ಕೆ ಕಾರಣ ಕಲ್ಲಿನಲ್ಲಿಯೇ ಇತ್ತು. ಹೊಯ್ಸಳ ರೂವಾರಿಗಳು, ಅಂದರೆ ಶಿಲ್ಪಿಗಳು, ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಸಣ್ಣ ಉಳಿಯಲ್ಲಿ ಅಕ್ಕಸಾಲಿಯ ಕೆಲಸವನ್ನೇ ಮಾಡಬಹುದು. ಕಂಬವನ್ನು ಚರಕಿಗೆ ಹಾಕಿ ತಿರುಗಿಸಿ ಉಂಗುರ ಉಂಗುರವಾಗಿ ಕಡೆಯಬಹುದು. ನಮ್ಮ ಬೆಳವಾಡಿಯ ವೀರನಾರಾಯಣ ದೇವಾಲಯದ ಮುಂಮಂಟಪದಲ್ಲಿ ಅಂಥ ಕಂಬಗಳ ನಡುವೆ ನಿಂತರೆ, ಎದುರು ಸುಳಿದವರ ನೆರಳು ಕಂಬದ ಹೊಳಪಿನಲ್ಲಿ ಸರಿದುಹೋಗುವುದು ಕಾಣುತ್ತದೆ. ಹೊಸ ವಸ್ತು ಕೈಗೆ ಬಂದಾಗ ಅದರಿಂದ ಏನೇನು ಆಗುತ್ತದೆ ಎಂದು ಕಡೆಯವರೆಗೆ ಹೋಗಿ ನೋಡುವುದೇ ಅವರ ಕೆಲಸವಾಗಿತ್ತು. ಬೇಲೂರಿನ ಒಂದು ಮದನಿಕೆಯ ತಲೆಯ ಮೇಲಿನ ಎಲೆಗೊಂಚಲಿನಲ್ಲಿ ಹಣ್ಣೊಂದರ ಮೇಲೆ ನೊಣ ಕುಳಿತಿದೆ, ಅದನ್ನು ಹಿಡಿಯಲು ಹಲ್ಲಿ ಹೊಂಚು ಹಾಕಿದೆ. ಆ ನೊಣಕ್ಕೂ ಪುರಾಣಕ್ಕೂ ಸಂಬಂಧವಿಲ್ಲ. ಈ ಕಲ್ಲಿನಲ್ಲಿ ನೊಣವೂ ಮೂಡೀತೇ ಎಂದು ಒಬ್ಬ ಮನುಷ್ಯ ಪರೀಕ್ಷಿಸಿ ನೋಡಿದ್ದು, ಮೂಡಿದ್ದು, ಎರಡೂ ನಮ್ಮ ಕಣ್ಣ ಮುಂದಿವೆ.

ಆ ಮನುಷ್ಯರಿಗೆ ಹೆಸರೂ ಇತ್ತು. ಭಾರತದ ಶಿಲ್ಪಿ ಹೆಸರಿನ ಆಸೆಯಿಲ್ಲದೆ ದೇವರಿಗಾಗಿ ದುಡಿದ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತೇವೆ. ಹೊಯ್ಸಳರ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಬರೀ ಹೆಸರಲ್ಲ, ಬಿರುದು ಹೊತ್ತ ಇತರ ರೂವಾರಿಗಳನ್ನು ಸೋಲಿಸಿದವರು ತಾವು ಎಂಬ ಅರ್ಥದ ಬಿರುದುಗಳನ್ನೂ ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ ಸಿಗುತ್ತದೆ, ದೂರದ ಸೋಮನಾಥಪುರದಲ್ಲಿಯೂ ಸಿಗುತ್ತದೆ. ಜಕಣಾಚಾರಿಯ ಕಥೆಯನ್ನು ನಾವೆಲ್ಲ ಪ್ರೀತಿಯಿಂದ ಹೇಳುತ್ತೇವೆ, ಅದು ಐತಿಹ್ಯ. ಕಲ್ಲಿನ ಮೇಲೆ ಇರುವ ಹೆಸರುಗಳು ಇವು. ಇಂದಿನ ಕಲಾವಿದರು ಹೆಸರಿಗಾಗಿ ಹೋರಾಡುತ್ತಾರೆ, ಹಿಂದಿನವರು ಹಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ಬೇಲೂರಿನ ಪೀಠಗಳನ್ನು ಓದಲು ಹೇಳಿ.

‘ಕಾಲದ ಜರಡಿಯಲ್ಲಿ ಒಳ್ಳೆಯದು ಮಾತ್ರ ಉಳಿದಿದೆ, ಹೊಸದನ್ನು ಇನ್ನೂ ಜರಡಿ ಹಿಡಿದಿಲ್ಲ’ ಎಂಬ ವಾದವನ್ನೂ ನೀವು ಕೇಳಿರಬಹುದು. ಅದು ಅರ್ಧ ನಿಜ. ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಮೇಲೆ 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರನ ದಂಡು ಬಂದಾಗ ಯಾವ ಶಿಲ್ಪ ಒಳ್ಳೆಯದು, ಯಾವುದು ಸಾಧಾರಣ ಎಂದು ಯಾರೂ ಆರಿಸಲಿಲ್ಲ. ಮರದ ಕೆಲಸ, ಬಟ್ಟೆಯ ಮೇಲಿನ ಚಿತ್ರ, ಬಣ್ಣ ಹೋದವು. ಕಲ್ಲು ಕಲ್ಲಾಗಿದ್ದುದರಿಂದ ಉಳಿಯಿತು.

ಇಷ್ಟು ಹೇಳಿದ ಮೇಲೆ ಗ್ಯಾಲರಿಗೆ ಬರೋಣ. ಮೊದಲ ಸಲ ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಇನ್‌ಸ್ಟಲೇಷನ್, ಅಂದರೆ ವಸ್ತುಗಳನ್ನು ಜಾಗದಲ್ಲಿ ಜೋಡಿಸಿಟ್ಟು ಮಾಡಿದ ಕೃತಿ, ನೋಡಿದಾಗ ನಾನು ಹತ್ತು ನಿಮಿಷಕ್ಕೆ ಹೊರಗೆ ಬಂದೆ. ಚಿತ್ರಕಲೆಯನ್ನೇ ಕಲಿತವನು ನಾನು, ಆದರೂ ಕೋಪ ಬಂದಿತ್ತು. ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಬಹಳ ವರ್ಷಗಳ ಮೇಲೆ ನೋಡಿದ ಒಂದು ಕೃತಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು 1998ರ ಸುಮಾರಿಗೆ ಮಾಡಿದ್ದು ಅದು. ದೂರದಿಂದ ನೋಡಿದರೆ ಕೆಂಪು ಹಗ್ಗ, ಗೋಡೆಯಿಂದ ಇಳಿದು ನೆಲದಲ್ಲಿ ಸುರುಳಿ ಸುರುಳಿಯಾಗಿ ಹರಿದಿದೆ. ನಿಮ್ಮ ಪತ್ರದಲ್ಲಿ ಹಗ್ಗವೆಂದು ಓದಿದಾಗ ನನಗೆ ಅದೇ ನೆನಪಾಯಿತು.

ಹತ್ತಿರ ಹೋದರೆ ಅದು ಹಗ್ಗವಲ್ಲ, ದಾರ. ಹೊಲಿಯುವ ದಾರದ ಎಳೆಗಳನ್ನು ಕೂಡಿಸಿ, ಅಂಟು ಮತ್ತು ಕುಂಕುಮ ಬಳಿದು ಒಂದಾಗಿಸಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತದೆ. ಪ್ರತಿ ಎಳೆಯೂ ಒಂದೊಂದು ಸೂಜಿಯ ಕಣ್ಣಿನಲ್ಲಿ ಹಾದುಬಂದಿದೆ, ಒಂದೊಂದು ಎಳೆಯೂ ನೂರು ಮೀಟರಿಗಿಂತ ಉದ್ದ. ಅಷ್ಟು ಉದ್ದದ ದಾರವನ್ನು ಒಂದು ಸೂಜಿಯ ಕಣ್ಣಿನಲ್ಲಿ ಪೂರ್ತಿ ಎಳೆಯಲು ಎಷ್ಟು ಹೊತ್ತು ಬೇಕು, ಎಳೆಯುವಾಗ ಬೆರಳಿಗೆ ಏನಾಗುತ್ತದೆ, ಹೀಗೆ ಎಷ್ಟು ಸಲ ಎಳೆದಿರಬೇಕು ಎಂದು ಲೆಕ್ಕ ಹಾಕುತ್ತಾ ನಿಂತವನಿಗೆ ನನ್ನ ಅಮ್ಮ ನೆನಪಾದಳು. ಮಧ್ಯಾಹ್ನದ ಕೆಲಸವೆಲ್ಲ ಮುಗಿಸಿ, ಕಿಟಕಿಯ ಬೆಳಕಿಗೆ ಸೂಜಿಯನ್ನು ಎತ್ತಿ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸುತ್ತಿದ್ದ ಅವಳ ಒಂದು ಕಣ್ಣು ಮುಚ್ಚಿದ ಮುಖ ಕಂಡಿತು. ಕುಂಕುಮದ ಕೆಂಪು ಮುತ್ತೈದೆತನದ್ದೂ ಹೌದು, ರಕ್ತದ್ದೂ ಹೌದು. ಹೊಕ್ಕುಳಬಳ್ಳಿಯಂತೆಯೂ ಕಂಡಿತು, ಕರುಳಿನಂತೆಯೂ ಕಂಡಿತು. ಹೆಣ್ಣುಮಕ್ಕಳ ಜೀವಮಾನದ ಮನೆಗೆಲಸಕ್ಕೆ ಯಾರೂ ವೀರಗಲ್ಲು ನೆಡಿಸಲಿಲ್ಲವಲ್ಲ ಎಂಬ ಮಾತು ಆ ದಿನ ನನ್ನ ಮನಸ್ಸಿಗೆ ತಾನಾಗಿ ಬಂದಿತು. ಹಳೇಬೀಡಿನ ಗರುಡಗಂಬವನ್ನು ನಾನು ಸರಿಯಾಗಿ ನೋಡಲು ಕಲಿತದ್ದು ಆ ವಿದ್ಯಾರ್ಥಿನಿಯಿಂದ ಎಂದೆನಲ್ಲ, ಅದು ನಡೆದದ್ದು ಈ ದಾರವನ್ನು ನೋಡಿ ಬಂದ ಮುಂದಿನ ವರ್ಷ. ಅಲ್ಲಿಯವರೆಗೆ ನಾನು ಯಾರಿಗೂ ‘ಬರೆದುಕೊಳ್ಳಿ, ಅರ್ಥ ಆಮೇಲೆ ಹೇಳುತ್ತೇನೆ’ ಎಂದಿರಲಿಲ್ಲ.

ಮೈಸೂರಿನ ಎನ್.ಎಸ್. ಹರ್ಷ ಅವರ ಚಿತ್ರಗಳ ಹಾದಿ ಇನ್ನೂ ಸುಲಭ. 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ ಆರು ಕ್ಯಾನ್‌ವಾಸುಗಳ ಚಿತ್ರದಲ್ಲಿ ಎರಡು ಸಾವಿರದಷ್ಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲು ಸಾಲಾಗಿ ಕುಳಿತಿದ್ದಾರೆ, ಒಬ್ಬರಂತೆ ಇನ್ನೊಬ್ಬರಿಲ್ಲ. ಬೇಲೂರಿನ ಬುಡದ ಪಟ್ಟಿಕೆಯಲ್ಲಿ ನಡೆಯುವ ಆನೆಸಾಲನ್ನು ನಿಧಾನವಾಗಿ ನೋಡಿದವರಿಗೆ ಈ ಚಿತ್ರ ಪರಕೀಯವಾಗುವುದಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ, ಕೊರತೆ ಎಲ್ಲಿ ಎಂಬುದಕ್ಕೆ, ಹೀಗೆ ಹೇಳುತ್ತೇನೆ. ಗ್ಯಾಲರಿಯಲ್ಲಿ ಇಟ್ಟದ್ದೆಲ್ಲ ಒಳ್ಳೆಯದೆಂದು ಒಪ್ಪಬೇಕಾಗಿಲ್ಲ. ಎಷ್ಟೋ ಕೃತಿಗಳಲ್ಲಿ ಪಕ್ಕದ ಫಲಕದ ಬರಹ ದಪ್ಪಗಿರುತ್ತದೆ, ಎದುರಿನ ವಸ್ತು ತೆಳ್ಳಗಿರುತ್ತದೆ. ಫಲಕವನ್ನು ಕಿತ್ತರೆ ಏನೂ ಉಳಿಯುವುದಿಲ್ಲ. ಅಂಥದನ್ನು ಬಿಟ್ಟು ಮುಂದೆ ಹೋಗುವ ಹಕ್ಕು ನಿಮಗಿದೆ. ಆದರೆ ಬಿಡುವ ಮೊದಲು, ರೂವಾರಿಯ ಕಲ್ಲಿಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಿ: ಇದು ಯಾವ ವಸ್ತು, ಎಲ್ಲಿಂದ ಬಂದಿತು, ಕೈ ಎಲ್ಲಿ ಆಡಿದೆ, ಎಷ್ಟು ಹೊತ್ತು ಆಡಿದೆ, ಈ ವಸ್ತುವನ್ನು ನಾನು ನಿತ್ಯ ಎಲ್ಲಿ ಮುಟ್ಟುತ್ತೇನೆ. ಫಲಕವನ್ನು ಕೊನೆಗೆ ಓದಿ. ನಲವತ್ತು ಕೃತಿಗಳಿದ್ದರೆ ಮೂರನ್ನು ಆರಿಸಿಕೊಂಡು ಒಂದೊಂದರ ಮುಂದೆ ಕಾಲು ಗಂಟೆ ನಿಲ್ಲಿ, ಉಳಿದದ್ದನ್ನು ನೋಡದಿದ್ದರೆ ನಷ್ಟವಿಲ್ಲ. ಬೇಲೂರಿನಲ್ಲಿಯೂ ನಾನು ಈಗ ಹಾಗೆಯೇ ಮಾಡುತ್ತೇನೆ: ಒಂದು ಸಲ ಹೋದರೆ ಒಂದು ಮದನಿಕೆ.

ಕಾಲು ಗಂಟೆ ನಿಂತ ಮೇಲೂ ಆ ತಗಡು, ಆ ಕುರ್ಚಿ ನಿಮ್ಮೊಡನೆ ಮಾತಾಡದಿದ್ದರೆ ಆ ಕೊರತೆಯನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಇನ್ನು ನಿಮ್ಮ ಮಗಳು ಕೇಳಿದ ಪ್ರಶ್ನೆ. ‘ಇದೂ ಕಲೆಯಾ?’ ಎಂಬುದಕ್ಕೆ ಹೌದು ಅಥವಾ ಅಲ್ಲ ಎಂದು ಹೇಳುವ ಅವಸರ ಬೇಡ. ಮುಂದಿನ ಭಾನುವಾರ ಬೆಳಗ್ಗೆ ಬಿಸಿಲು ಏರುವ ಮೊದಲೇ ಅವಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಗುಡಿಯ ಒಳಗೆ ಹೋಗುವ ಮೊದಲು ಗರುಡಗಂಬದ ಹತ್ತಿರ ನಿಲ್ಲಿಸಿ, ಕೈಗೆ ಒಂದು ಹಾಳೆ, ಪೆನ್ಸಿಲು ಕೊಡಿ. ಕುವರ ಲಕ್ಷ್ಮನ ವಿಷಯ ಹೇಳಬೇಡಿ. ಅವಳು ಬರೆದು ಮುಗಿಸುವವರೆಗೆ ನೀವೂ ಪಕ್ಕದಲ್ಲಿ ಕುಳಿತು ಬರೆಯಿರಿ, ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ಅವಳು ಏನು ಕೇಳಿದಳೆಂದು ನನಗೆ ಬರೆದು ತಿಳಿಸಿ.